ಒಂದು ಪದ, ನಾಲ್ಕು ಮನೆ

ಸರಸ್ವತಿಪುರಂ, ಮೈಸೂರು

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಸೆಮಿನಾರಿನ ಕರಡು ಓದಿದೆ. ರೇಡಿಯೋ, ಸಂಗೀತ, ಜೀವಶಾಸ್ತ್ರ, ಔಷಧ ನಾಲ್ಕನ್ನೂ ಒಂದೇ ದಾರಕ್ಕೆ ಪೋಣಿಸುವ ಆಸೆ ಒಳ್ಳೆಯದೇ. ಆದರೆ ಮೊದಲ ಸ್ಲೈಡಿನಲ್ಲೇ ‘ಎಲ್ಲ ಕಡೆಯೂ ಮಾಡ್ಯುಲೇಷನ್ ಎಂದರೆ ಒಂದೇ’ ಎಂದು ಬರೆದಿದ್ದೀಯಲ್ಲ, ಅದನ್ನು ತೆಗೆದುಬಿಡು. ಪದದ ಬೇರು ಲ್ಯಾಟಿನ್ನಿನದು, ಅಳತೆ ಎಂದರ್ಥ. ನಾವು ‘ಹದ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಮಂಡ್ಯದ ಆಲೆಮನೆಯಲ್ಲಿ ಪಾಕ ಹದಕ್ಕೆ ಬಂತು ಅನ್ನುವಾಗ ಯಾರೂ ಯಾರಿಗೂ ಸಂದೇಶ ಕಳಿಸುತ್ತಿರುವುದಿಲ್ಲ. ರೇಡಿಯೋದಲ್ಲಾದರೋ ಸಂದೇಶವೇ ಮುಖ್ಯ. ಆದ್ದರಿಂದ ಪ್ರತಿ ಉದಾಹರಣೆಗೂ ಮೊದಲು ಇದನ್ನು ಕೇಳಿಕೊ: ಇಲ್ಲಿ ಸಂದೇಶ ಹೊರಿಸುತ್ತಿದ್ದಾರೋ, ಹದ ಮಾಡುತ್ತಿದ್ದಾರೋ? ಆಮೇಲೆ, ಮಿತಿ ಮೀರಿದರೆ ಏನು ಕೆಡುತ್ತದೆ?

ನಿನ್ನ ವಿಷಯ ಎಲೆಕ್ಟ್ರಾನಿಕ್ಸ್, ಅಲ್ಲಿಂದಲೇ ಶುರು ಮಾಡು. ಸಿದ್ಧಾಂತ ಆಮೇಲಿರಲಿ, ಸಿ.ಆರ್.ಒ. (ಅಲೆಯ ಆಕಾರ ತೋರಿಸುವ ಯಂತ್ರ) ಪರದೆ ತೋರಿಸು. ಎ.ಎಂ. ಅಲೆಯ, ಅಂದರೆ ಸಂದೇಶಕ್ಕೆ ತಕ್ಕಂತೆ ಎತ್ತರ ಏರಿಳಿಯುವ ಅಲೆಯ, ಅತಿ ಎತ್ತರ 6 ವೋಲ್ಟ್, ಅತಿ ತಗ್ಗು 2 ವೋಲ್ಟ್ ಇದ್ದರೆ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸು: 8ರಲ್ಲಿ 4, ಅಂದರೆ ಮಾಡ್ಯುಲೇಷನ್ ಸೂಚ್ಯಂಕ (ಎತ್ತರ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) 0.5. ತಗ್ಗು ಸೊನ್ನೆ ಮುಟ್ಟಿದಾಗ ಸೂಚ್ಯಂಕ 1. ಅದನ್ನೂ ದಾಟಿಸಿದರೆ ಕ್ಯಾರಿಯರ್ (ಸಂದೇಶ ಹೊರುವ ಮೂಲ ಅಲೆ) ನಡುನಡುವೆ ಕಡಿದುಹೋಗುತ್ತದೆ, ಧ್ವನಿ ಒಡೆಯುತ್ತದೆ. ಒಡೆದ ಚೂರುಗಳು ಪಕ್ಕದ ಸ್ಟೇಷನ್ನಿನ ಮೇಲೂ ಸಿಡಿಯುತ್ತವೆ, ಮೀಡಿಯಂ ವೇವ್‌ನಲ್ಲಿ ನಮ್ಮ ದೇಶದ ಚಾನಲ್ಲುಗಳ ಅಂತರ ಬರೀ 9 ಕಿಲೋಹರ್ಟ್ಸ್.

ಶಕ್ತಿಯ ಲೆಕ್ಕವನ್ನು ಊರಿನ ಉದಾಹರಣೆಯಿಂದಲೇ ಮಾಡು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ. (ಅವರು ಮನಃಶಾಸ್ತ್ರದ ಮೇಷ್ಟ್ರು, ಎಂಜಿನಿಯರಲ್ಲ. ಇದನ್ನು ನಿನ್ನ ಕ್ಲಾಸಿನವರಿಗೆ ತಪ್ಪದೆ ಹೇಳು.) 30 ವ್ಯಾಟಿನ ಕ್ಯಾರಿಯರನ್ನು ಪೂರ್ತಿ ಮಾಡ್ಯುಲೇಟ್ ಮಾಡಿದರೆ ಎರಡೂ ಸೈಡ್‌ಬ್ಯಾಂಡ್ (ಕ್ಯಾರಿಯರಿನ ಎರಡೂ ಪಕ್ಕದಲ್ಲಿ ಹುಟ್ಟುವ ಆವರ್ತನಗಳು) ಸೇರಿ ಇನ್ನು 15 ವ್ಯಾಟ್. ಮಾತೆಲ್ಲ ಇರುವುದು ಆ 15ರಲ್ಲಿ. ಉಳಿದ 30 ಖಾಲಿ ಗಾಡಿ. ಸೂಚ್ಯಂಕ 0.5ಕ್ಕೆ ಇಳಿದರೆ ಮಾತಿನ ಪಾಲು ಒಟ್ಟು ಶಕ್ತಿಯ ಒಂಬತ್ತರಲ್ಲಿ ಒಂದು. ಅದೇ 1935ರಲ್ಲಿ ಅಮೆರಿಕದಲ್ಲಿ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಫ್.ಎಂ. ಪ್ರದರ್ಶಿಸಿದ. ಅದರಲ್ಲಿ ಎತ್ತರ ಅಲುಗುವುದಿಲ್ಲ, ಆವರ್ತನ ಮಾತ್ರ 75 ಕಿಲೋಹರ್ಟ್ಸ್‌ವರೆಗೆ ಆ ಕಡೆ ಈ ಕಡೆ ತೂಗುತ್ತದೆ. ಸಿಡಿಲಿನ ಗದ್ದಲ ಎತ್ತರವನ್ನು ಕೆಡಿಸುತ್ತದೆ, ರಿಸೀವರ್ ಎತ್ತರವನ್ನು ಲೆಕ್ಕಕ್ಕೇ ಇಡುವುದಿಲ್ಲ.

ಡಿಟೆಕ್ಟರಿನ (ಅಲೆಯಿಂದ ಸಂದೇಶ ಬಿಡಿಸಿಕೊಳ್ಳುವ ಭಾಗ) ವಿಷಯದಲ್ಲಿ ನೀನು ಕೊಟ್ಟ ರೆಸಿಸ್ಟರ್, ಕೆಪಾಸಿಟರ್ ಮೌಲ್ಯಗಳು ತಪ್ಪು. 10 ಕಿಲೋಓಮ್, 4.7 ನ್ಯಾನೋಫ್ಯಾರಡ್ ಗುಣಿಸಿದರೆ ಕೆಪಾಸಿಟರ್ ಖಾಲಿಯಾಗುವ ಕಾಲದ ಅಳತೆ 47 ಮೈಕ್ರೋಸೆಕೆಂಡ್. 455 ಕಿಲೋಹರ್ಟ್ಸ್ ಕ್ಯಾರಿಯರಿನ ಒಂದು ಸುತ್ತು 2.2 ಮೈಕ್ರೋಸೆಕೆಂಡ್, ಹಾಗಾಗಿ ಆ ಕಡೆ ತೊಂದರೆಯಿಲ್ಲ. ಸಂದೇಶ 5 ಕಿಲೋಹರ್ಟ್ಸ್, ಸೂಚ್ಯಂಕ 0.5 ಇದ್ದಾಗ ಈ ಕಾಲ 55 ಮೈಕ್ರೋಸೆಕೆಂಡಿನವರೆಗೆ ಇದ್ದರೂ ನಡೆಯುತ್ತದೆ. ಆದರೆ ನೀನು ತೆಗೆದುಕೊಂಡಿರುವುದು 0.8. ಅಲ್ಲಿ ಮಿತಿ 24. ಕೆಪಾಸಿಟರ್ ಅಷ್ಟು ಬೇಗ ಖಾಲಿಯಾಗದೆ ಅಲೆಯ ಇಳಿಜಾರನ್ನು ಓರೆಯಾಗಿ ಕತ್ತರಿಸುತ್ತದೆ. 2.2 ನ್ಯಾನೋಫ್ಯಾರಡ್ ಹಾಕು, ಸರಿಹೋಗುತ್ತದೆ. ಡಿಜಿಟಲ್ ಬಗ್ಗೆ ಎರಡೇ ಮಾತು ಸಾಕು: ಮೊಬೈಲು ಸಿಗ್ನಲ್ ಚೆನ್ನಾಗಿದ್ದಾಗ 256-ಕ್ಯೂ.ಎ.ಎಂ. ಎಂಬ ವಿಧಾನ ಬಳಸಿ ಒಂದು ಸಂಕೇತಕ್ಕೆ 8 ಬಿಟ್ ಹೇರುತ್ತದೆ, ಸಿಗ್ನಲ್ ಸೊರಗಿದರೆ ಕ್ಯೂ.ಪಿ.ಎಸ್.ಕೆ. ಎಂಬ ಸರಳ ವಿಧಾನಕ್ಕೆ ಇಳಿದು 2 ಬಿಟ್ಟಿಗೆ ತೃಪ್ತಿಪಡುತ್ತದೆ.

ಜೀವಶಾಸ್ತ್ರಕ್ಕೆ ಹಾರ್ಮೋನುಗಳ ದೊಡ್ಡ ಪಟ್ಟಿ ಕೊಟ್ಟಿದ್ದೀಯ. ಅದರ ಬದಲು ಹೃದಯವೊಂದೇ ಸಾಕಮ್ಮ. ಅದರ ಎಸ್.ಎ. ನೋಡ್ (ಮಿಡಿತ ಹುಟ್ಟಿಸುವ ಜಾಗ) ತನ್ನಷ್ಟಕ್ಕೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಅದನ್ನು ಎಪ್ಪತ್ತರ ಆಸುಪಾಸಿಗೆ ಹಿಡಿದಿಟ್ಟಿರುವುದು ಮಿದುಳಿನಿಂದ ಬರುವ ವೇಗಸ್ ನರ. ಕಸಿ ಮಾಡಿದ ಹೃದಯಕ್ಕೆ ಆ ನರದ ಸಂಪರ್ಕ ಕಡಿದಿರುತ್ತದೆ, ಸುಮ್ಮನೆ ಕೂತಾಗಲೂ 90–110 ಇರುತ್ತದೆ. ಸಭೆಯವರಿಗೆ ಮಣಿಕಟ್ಟಿನ ನಾಡಿ ಹಿಡಿಯಲು ಹೇಳಿ, 5 ಸೆಕೆಂಡ್ ಉಸಿರು ಎಳೆದು 5 ಸೆಕೆಂಡ್ ಬಿಡಿಸು. ಎಳೆಯುವಾಗ ನಾಡಿ ಚುರುಕು, ಬಿಡುವಾಗ ನಿಧಾನ. ಕ್ಯಾರಿಯರ್ ಸುಮಾರು 1.2 ಹರ್ಟ್ಸ್, ಅದನ್ನು ತೂಗುವ ಉಸಿರು 0.1 ಹರ್ಟ್ಸ್. ಅಪ್ಪಟ ಎಫ್.ಎಂ. ಲೆಕ್ಕ! ಹೃದಯ ಯಾರಿಗೂ ಸುದ್ದಿ ಹೇಳುತ್ತಿಲ್ಲ, ಇದು ಹದವೇ. ಆದರೂ ಕೈಗಡಿಯಾರದ ಸೆನ್ಸರು ಅದೇ ಏರಿಳಿತದಿಂದ ಉಸಿರಿನ ವೇಗ ಲೆಕ್ಕ ಹಾಕುತ್ತದೆ. ಕಳಿಸುವವರಿಲ್ಲದಿದ್ದರೂ ಓದುವವರು ಇರಬಹುದು ಎಂಬ ಮಾತನ್ನು ಇಲ್ಲಿ ಹೇಳು.

ಔಷಧದಲ್ಲಿ ಹೋಲಿಕೆ ಮುರಿಯುತ್ತದೆ, ನಿನ್ನ ಭಾಷಣದ ತಿರುಳೂ ಅಲ್ಲೇ ಇದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬಂದು ಕೂತಾಗ ಕ್ಲೋರೈಡ್ ಬಾಗಿಲು ತೆರೆದು ನರಕೋಶ ತಣ್ಣಗಾಗುತ್ತದೆ. ಆತಂಕ ತಗ್ಗಿಸುವ ಡಯಾಜೆಪಾಮ್ ಜಾತಿಯ ಮಾತ್ರೆ ಕೂರುವುದು ಬೇರೆ ಜಾಗದಲ್ಲಿ. ಗಾಬಾ ಇಲ್ಲದೆ ಅದರಿಂದ ಬಾಗಿಲು ತೆರೆಯದು. ಗಾಬಾ ಇದ್ದಾಗ ಮಾತ್ರ ಬಾಗಿಲು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ, ಆದ್ದರಿಂದ ಅದರ ಪರಿಣಾಮಕ್ಕೆ ಒಂದು ಮೇಲ್ಮಿತಿ ಇದೆ. ಹಳೆಯ ಕಾಲದ ನಿದ್ರೆಮಾತ್ರೆಗಳಾದ ಬಾರ್ಬಿಚುರೇಟುಗಳು ಬಾಗಿಲು ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತವೆ, ಪ್ರಮಾಣ ಹೆಚ್ಚಾದರೆ ಗಾಬಾವನ್ನು ಕಾಯದೆ ತಾವೇ ತೆರೆದುಬಿಡುತ್ತವೆ. ಅಲ್ಲಿಗೆ ಹದ ಮಾಡುವುದು ಹೋಗಿ ಸ್ವಿಚ್ ಒತ್ತಿದಂತಾಯಿತು, ಉಸಿರೇ ನಿಲ್ಲಬಹುದು. ಹಾಗಂತ ಡಯಾಜೆಪಾಮ್ ‘ಸುರಕ್ಷಿತ’ ಎಂದು ಮಾತ್ರ ಬರೆಯಬೇಡ. ಮದ್ಯದ ಜೊತೆ, ಅಫೀಮು ಜಾತಿಯ ನೋವಿನ ಮಾತ್ರೆಗಳ ಜೊತೆ ಅದೂ ಉಸಿರು ನಿಲ್ಲಿಸಬಲ್ಲದು. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರು ಮೆಲ್ಲಗೆ ಇಳಿಸುತ್ತಾರೆ. ಸ್ತನ ಕ್ಯಾನ್ಸರಿನ ಔಷಧ ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್ನಿಗೆ ಅಡ್ಡ ನಿಂತು ಮೂಳೆಯಲ್ಲಿ ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ. ಅದನ್ನೂ ಮಾಡ್ಯುಲೇಟರ್ ಅನ್ನುತ್ತಾರೆ, ಆದರೆ ಅರ್ಥ ಮತ್ತೊಂದು. ಈ ಮನೆಯಲ್ಲಿ ಕ್ಯಾರಿಯರ್, ಡಿಟೆಕ್ಟರ್ ಹುಡುಕಲು ಹೋಗಬೇಡ, ಸಿಗುವುದಿಲ್ಲ.

ಸಂಗೀತದಲ್ಲಿ ನೀನು ಎರಡನ್ನು ಕಲಸಿದ್ದೀಯ. ಪಾಶ್ಚಾತ್ಯರು ಮಾಡ್ಯುಲೇಷನ್ ಅನ್ನುವುದು ನೆಲೆ, ಅಂದರೆ ಆಧಾರ ಸ್ವರ, ಬದಲಿಸುವುದಕ್ಕೆ. ಸಿ ಮೇಜರಿನಿಂದ ಜಿ ಮೇಜರಿಗೆ ಹೋಗುವಾಗ ಎರಡಕ್ಕೂ ಸಮಾನವಾದ ನಾಲ್ಕು ಕಾರ್ಡುಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದರ ಮೇಲೆ ಕಾಲಿಟ್ಟು ದಾಟುತ್ತಾರೆ, ಬದಲಾಗುವ ಸ್ವರ ಒಂದೇ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಗ್ರಹಭೇದ: ಮೋಹನ ರಾಗದ ರಿಷಭವನ್ನು ಷಡ್ಜವೆಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮಕ್ಕೆ ಶುದ್ಧಸಾವೇರಿ. ತಂಬೂರಿ ಮಾತ್ರ ಹಳೆಯ ಷಡ್ಜದಲ್ಲೇ ಮೀಟುತ್ತಿರುವುದರಿಂದ ಬೇಗ ಮರಳಲೇಬೇಕು. ನಿನ್ನ ಎಫ್.ಎಂ.ಗೆ ಜೋಡಿ ಬೇಕಿದ್ದರೆ ಗ್ರಹಭೇದವಲ್ಲ, ಗಮಕ, ಅಂದರೆ ಸ್ವರವನ್ನು ತೂಗಿಸುವುದು. ವೀಣೆಯ ತಂತಿಯನ್ನು ಎಳೆದರೆ ಸ್ವರ ಏರಬಲ್ಲದೇ ಹೊರತು ಇಳಿಯಲಾರದು. ಅದಕ್ಕೇ ತೋಡಿಯ ಗಾಂಧಾರವನ್ನು ರಿಷಭದ ಮೆಟ್ಟಿನಿಂದ ಎಳೆದು ತೂಗುವುದು. ಒಂದು ಪೂರ್ಣಸ್ವರ ಏರಿಸಲು ಬಿಗಿತ ಸುಮಾರು ಶೇ. 27 ಹೆಚ್ಚಬೇಕು, ಏಕೆಂದರೆ ಆವರ್ತನ ಬಿಗಿತದ ವರ್ಗಮೂಲದಂತೆ ಏರುತ್ತದೆ. ಹಳೆಯ ತಂತಿ ಕಡಿಯುವುದು ಇಲ್ಲೇ.

ವೀಣೆಯನ್ನು ಬಸ್ಸಿನಲ್ಲಿ ಹೊತ್ತು ತರುವ ಸಾಹಸ ಬೇಡ. ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸ್ಪೆಕ್ಟ್ರೋಗ್ರಾಂ (ಆವರ್ತನ ಹೊತ್ತಿನೊಂದಿಗೆ ಬದಲಾಗುವುದನ್ನು ತೋರಿಸುವ ಚಿತ್ರ) ತೋರಿಸು. ವಿಂಡೋ, ಅಂದರೆ ಒಮ್ಮೆಗೆ ಅಳೆಯುವ ಧ್ವನಿಯ ತುಣುಕು, 50 ಮಿಲಿಸೆಕೆಂಡಿನ ಸುತ್ತ ಇರಲಿ: ತೀರ ಚಿಕ್ಕದಾದರೆ ಸ್ವರ ಮಸುಕು, ದೊಡ್ಡದಾದರೆ ಗಮಕವೇ ಅಳಿಸಿಹೋಗುತ್ತದೆ. ಮೂಲ ಸ್ವರದ ಗೆರೆ ಬಿಟ್ಟು ಅದರ ನಾಲ್ಕನೆಯ ಹಾರ್ಮೋನಿಕ್ (ನಾಲ್ಕು ಪಟ್ಟು ಆವರ್ತನದ ಗೆರೆ) ನೋಡಲು ಹೇಳು, ಅಲ್ಲಿ ತೂಗಾಟ ನಾಲ್ಕು ಪಟ್ಟು ಅಗಲವಾಗಿರುತ್ತದೆ, ಹಿಂದಿನ ಬೆಂಚಿಗೂ ಕಾಣುತ್ತದೆ. ಕೆಪಾಸಿಟರ್ ಬದಲಿಸಿದ ಮೇಲೆ ಬರುವ ಅಲೆಯ ಫೋಟೋ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ