ತೂಕದ ವಾದ ಹೂಡುವ ಮೊದಲು

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಅಪೀಲಿನ ಕರಡು ಓದಿದೆ. ಓಹಾಯೋದಲ್ಲಿ ವಕೀಲಿಕೆ ಶುರುಮಾಡಿ ವರ್ಷ ತುಂಬುವ ಮೊದಲೇ ಡ್ರಗ್ಸ್ ಮತ್ತು ಪಿಸ್ತೂಲು ಎರಡೂ ಇರುವ ಅಪೀಲು ಕೈಗೆ ಬಂದಿದೆ. ಅಪೀಲಿನ ನೋಟಿಸನ್ನು ತೀರ್ಪಾದ 30 ದಿನದೊಳಗೇ ಹಾಕಿದ್ದೀಯ, ಒಳ್ಳೆಯದಾಯಿತು. ಆದರೆ "ಸಾಕ್ಷ್ಯ ಸಾಲದು, ಅದಕ್ಕೆ ತೂಕವೂ ಇಲ್ಲ" ಅಂತ ಒಂದೇ ಉಸಿರಿನಲ್ಲಿ ಬರೆದುಬಿಟ್ಟಿದ್ದೀಯಲ್ಲ, ಅಲ್ಲಿ ನನಗೆ ಕಸಿವಿಸಿಯಾಯಿತು.

ಅವೆರಡೂ ಬೇರೆ ಬೇರೆ ಕಣಮ್ಮ. 1997ರ ಥಾಂಪ್ಕಿನ್ಸ್ ತೀರ್ಪಿನಲ್ಲಿ ಓಹಾಯೋ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ. ಸಾಲದು ಅನ್ನಬೇಕಾದರೆ, ಸರ್ಕಾರದ ಸಾಕ್ಷಿಗಳು ಹೇಳಿದ್ದೆಲ್ಲ ನಿಜ ಅಂತ ಇಟ್ಟುಕೊಂಡರೂ ಅಪರಾಧ ಸಾಬೀತಾಗಲ್ಲ ಅಂತ ತೋರಿಸಬೇಕು. ತೂಕದ ವಾದ ಹಾಗಲ್ಲ, ಸಾಕ್ಷ್ಯ ಇದೆ, ಆದರೆ ನಂಬುವಷ್ಟು ಗಟ್ಟಿಯಲ್ಲ ಅನ್ನುವುದು. ಅಲ್ಲಿ ಕಾಳೂ ಇದೆ, ಹೊಟ್ಟೂ ಇದೆ. ಮೇಲಿನ ಕೋರ್ಟು, ತೀರ್ಪು ಕೊಟ್ಟ ಹನ್ನೆರಡು ಜನ ಸಾಮಾನ್ಯರ ಜ್ಯೂರಿಗೆ ಹದಿಮೂರನೆಯವರ ಹಾಗೆ ಕೂತು, ಇಡೀ ದಾಖಲೆ ಓದಿ, ಜ್ಯೂರಿ ದಾರಿ ತಪ್ಪಿತೇ ಅಂತ ನೋಡುತ್ತದೆ. ಜ್ಯೂರಿ ಕೊಟ್ಟ ತೀರ್ಪನ್ನು ತೂಕದ ಮೇಲೆ ರದ್ದು ಮಾಡಲು ಅಪೀಲು ಕೇಳುವ ಮೂವರು ನ್ಯಾಯಾಧೀಶರೂ ಒಪ್ಪಬೇಕು. ಇಬ್ಬರು ಒಪ್ಪಿದರೆ ಸಾಲದು. ಇದು ಆ ರಾಜ್ಯದ ಸಂವಿಧಾನದಲ್ಲೇ ಇದೆ.

ನನ್ನ ಎರಡನೇ ವರ್ಷದ ಒಂದು ಕೇಸು ಇವತ್ತಿಗೂ ಚುಚ್ಚುತ್ತದೆ. ನಾಲ್ಕು ಜನ ಇದ್ದ ಮನೆ. ಮಲಗುವ ಕೋಣೆಯ ಡ್ರಾಯರಿನಲ್ಲಿ ಪೊಟ್ಟಣ, ಹಾಸಿಗೆ ಕೆಳಗೆ ಪಿಸ್ತೂಲು. ಪೊಲೀಸ್ ಅಧಿಕಾರಿ ಸುಳ್ಳು ಹೇಳಿದ ಅಂತ ಪುಟಗಟ್ಟಲೆ ಬರೆದೆ. ಸೋತೆ. ಸಾಕ್ಷಿಯ ಮುಖ ನೋಡಿದ್ದು ಜ್ಯೂರಿ, ದನಿ ಕೇಳಿದ್ದು ಜ್ಯೂರಿ. ಕಾಗದ ಮಾತ್ರ ಓದುವ ನ್ಯಾಯಾಧೀಶರು ಆ ನಂಬಿಕೆಯನ್ನು ಸುಮ್ನೆ ಕೆಡವುವುದಿಲ್ಲ. ಸೋತ ಮೇಲೆ ಒಂದು ರಾತ್ರಿ ವಿಚಾರಣೆಯಲ್ಲಿ ಆಡಿದ ಮಾತೆಲ್ಲ ಬರೆದಿಟ್ಟ ಟ್ರಾನ್ಸ್‌ಕ್ರಿಪ್ಟನ್ನು ಮತ್ತೆ ತಿರುವಿ ಹಾಕಿದೆ. ಪಾಟೀಸವಾಲಿನ ನಡುವೆ ಎರಡು ಸಾಲು. ಪಿಸ್ತೂಲಿನ ಮೇಲೆ ಬೆರಳಚ್ಚು ತೆಗೆಸಿದಿರಾ? ಇಲ್ಲ. ಡ್ರಾಯರಿನಲ್ಲಿದ್ದ ಬಿಲ್ ಯಾರ ಹೆಸರಿನಲ್ಲಿತ್ತು? ಬೇರೆಯವರ ಹೆಸರಿನಲ್ಲಿ. ಇದನ್ನು ನಾನು ಅಡಿಟಿಪ್ಪಣಿಗೆ ತಳ್ಳಿದ್ದೆ! ಆ ಹುಡುಗ ಜೈಲಿನಲ್ಲಿದ್ದ, ನಾನು ಮೇಜಿನ ಮುಂದೆ ತಲೆ ಹಿಡಿದು ಕೂತಿದ್ದೆ.

ಅದಕ್ಕೇ ಹೇಳುತ್ತೇನೆ, ಯಾರು ಸುಳ್ಳು ಹೇಳಿದರು ಅನ್ನುವುದಕ್ಕಿಂತ ಏನು ಇಲ್ಲ ಅನ್ನುವುದನ್ನು ಹುಡುಕು. ಕೈಯಲ್ಲೇ ಹಿಡಿದಿರಬೇಕು ಅಂತೇನಿಲ್ಲ, ವಸ್ತುವಿನ ಮೇಲೆ ಹಿಡಿತ ಇದ್ದು, ಅದು ಅಲ್ಲಿದೆ ಅಂತ ಗೊತ್ತಿದ್ದರೂ ಕಾನೂನಿನ ಕಣ್ಣಿಗೆ ಸ್ವಾಧೀನವೇ. 1982ರ ಹ್ಯಾಂಕರ್ಸನ್ ತೀರ್ಪು ಅದನ್ನೇ ಹೇಳುತ್ತದೆ, ಸರ್ಕಾರಿ ವಕೀಲರು ಅದನ್ನು ಖಂಡಿತ ಎತ್ತುತ್ತಾರೆ. ಆದರೆ ಮನೆಯಲ್ಲಿ ವಾಸವಿದ್ದ, ಕೈಗೆ ಎಟುಕುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಡ್ರಗ್ಸ್ ಅವನ ಸ್ವಾಧೀನದಲ್ಲಿತ್ತು ಅಂತ ಊಹಿಸುವಂತಿಲ್ಲ ಅಂತಲೂ ಅಲ್ಲಿನ ಕಾನೂನಿದೆ. ಹಾಗಾದರೆ ನಿನ್ನ ಕಕ್ಷಿದಾರನನ್ನು ಆ ಪೊಟ್ಟಣಕ್ಕೆ ಕಟ್ಟುವ ಬೇರೆ ಎಳೆ ಯಾವುದು? ಪಿಸ್ತೂಲಿಗೆ? ಎರಡನ್ನೂ ಬೇರೆ ಬೇರೆಯಾಗಿ ಬರೆ. ಒಂದು ಬಿದ್ದರೂ ಇನ್ನೊಂದು ನಿಲ್ಲಬಹುದು. ಪ್ರತಿ ಮಾತಿಗೂ ಟ್ರಾನ್ಸ್‌ಕ್ರಿಪ್ಟಿನ ಪುಟ ಸಂಖ್ಯೆ ಹಾಕು. ನಿನಗೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಬೇಡ. ನೀನೇ ಮೊದಲು ಹೇಳಿ, ಅದು ಯಾಕೆ ಹಗುರ ಅಂತ ತೋರಿಸು. ಮೂವರಲ್ಲಿ ಒಬ್ಬರಿಗೆ ನಿನ್ನ ಮೇಲೆ ಅನುಮಾನ ಬಂದರೂ ಕೆಲಸ ಕೆಟ್ಟಿತು, ಅಲ್ವಾ?

ಇನ್ನೊಂದು ಮಾತು, ಇದು ನನಗೆ ಜಾಸ್ತಿ ಮುಖ್ಯ. ತೂಕದ ಮೇಲೆ ಗೆದ್ದರೆ ಬಿಡುಗಡೆ ಆಗಲ್ಲ, ಮತ್ತೆ ವಿಚಾರಣೆ. 1982ರಲ್ಲಿ ಟಿಬ್ಸ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೆ ಅಡ್ಡಿ ಇಲ್ಲ ಅಂದಿದೆ. ಸಾಕ್ಷ್ಯವೇ ಸಾಲದು ಅಂತ ಗೆದ್ದರೆ ಮಾತ್ರ ಅದೇ ಆರೋಪಕ್ಕೆ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ. ಅದಕ್ಕೇ ಎರಡು ವಾದವನ್ನೂ ಇಟ್ಟುಕೊ, ಆದರೆ ಬೆರೆಸಬೇಡ. ಇದನ್ನು ನಿನ್ನ ಕಕ್ಷಿದಾರನಿಗೆ ಫೋನಿನಲ್ಲಿ ಹೇಳಬೇಡ. ಹೋಗಿ ಎದುರು ಕೂತು ಹೇಳು. ಅವನ ತಾಯಿ ಇದ್ದರೆ ಅವರಿಗೂ ಹೇಳು. ಗೆದ್ದೆವು ಅಂದ ದಿನವೇ ಮಗ ಮನೆಗೆ ಬರುತ್ತಾನೆ ಅಂತ ಅವರು ಕಾದು ಕೂರಬಾರದು.

ತಿದ್ದಿದ ಕರಡು ಕಳಿಸು, ಜೊತೆಗೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಪಾಟೀಸವಾಲಿನ ಪುಟಗಳನ್ನೂ ಕಳಿಸು. ಅವನ್ನು ನಾನೂ ಒಮ್ಮೆ ಓದಬೇಕು.

ಇಂತಿ,
ನಿನ್ನ ಮಾವ