ಟ್ಯಾಪ್ ಮಾಡೋದು ಕಲಿತ ಮೇಲೆ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ಬರೆದಿದ್ದರು: ಈಗಿನವರು ಪಂಜರದೊಳಗೆ ಹೊಡೆದಾಡುವವರನ್ನು ನೋಡಿಕೊಂಡು, ಮೊಬೈಲಿನಲ್ಲಿ ಗುಂಡು ಹಾರಿಸಿಕೊಂಡು ಹಾಳಾಗುತ್ತಿದ್ದಾರೆ, ಇವರಿಗೆ ನೆಮ್ಮದಿ ಅಂದರೇನು ಅಂತಲೇ ಗೊತ್ತಿಲ್ಲ ಅಂತ. ಓದಿ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಅವರು ಹೇಳಿದ ಎರಡೂ ಚಟ ನನಗಿವೆ. ನನಗೆ ವಯಸ್ಸು 49. ಒಂಚೂರು ನೆಮ್ಮದಿ ಅಂತ ಸಿಕ್ಕಿದ್ದೂ ಅವೆರಡರಿಂದಲೇ.

ನಾನು ಮೈಸೂರಿನವಳು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ಯಾರೂ ಬ್ಲೌಸ್ ಕೇಳಿಕೊಂಡು ಬರಬಾರದು. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಯುಎಫ್‌ಸಿ ಪಂದ್ಯಗಳು, ಅಂದರೆ ಪಂಜರದೊಳಗೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟ, ನಮಗೆ ಸರಿಯಾಗಿ ತಿಂಡಿ ಹೊತ್ತಿಗೆ ಬರುತ್ತವೆ. ಒಂದು ರೌಂಡ್ ಅಂದರೆ 5 ನಿಮಿಷ, ಆಮೇಲೆ 1 ನಿಮಿಷ ಬಿಡುವು. ಆ ಒಂದು ನಿಮಿಷದಲ್ಲಿ ಅಡುಗೆಮನೆಗೆ ಓಡಿ ಕಾವಲಿ ಮೇಲಿನ ದೋಸೆ ತೆಗೆದು ಇನ್ನೊಂದು ಹುಯ್ದು ಬರಬಹುದು. ನಮ್ಮ ಯಜಮಾನರ ತಟ್ಟೆಗೆ ಒಮ್ಮೊಮ್ಮೆ ಸೀದ ದೋಸೆ ಬೀಳುತ್ತದೆ. ಅವತ್ತು ಪಂದ್ಯ ಚೆನ್ನಾಗಿತ್ತು ಅಂತ ಅರ್ಥ.

ಇದು ಹಿಡಿದಿದ್ದು 2020ರ ದಸರಾದಲ್ಲಿ. ಕೊರೊನಾ ವರ್ಷ, ಸರಳ ದಸರಾ, ಮದುವೆ-ಮುಂಜಿ ಏನೂ ಇಲ್ಲ, ಹಾಗಾಗಿ ಬ್ಲೌಸೂ ಇಲ್ಲ. ಅಕ್ಟೋಬರ್ 24ರ ರಾತ್ರಿ, ನಾಳೆ ಆಯುಧಪೂಜೆ ಅಂತ ಮಿಷನ್ ಬಿಚ್ಚಿ ಒರೆಸಿ ಎಣ್ಣೆ ಬಿಡುತ್ತಾ ಕೂತಿದ್ದೆ. ಇಂಜಿನಿಯರಿಂಗ್ ಓದುತ್ತಿದ್ದ ಮಗ ಪಕ್ಕದಲ್ಲಿ ಫೋನಿನಲ್ಲಿ ಏನೋ ನೋಡುತ್ತಿದ್ದ. ಬೈಯೋಣ ಅಂತ ಬಗ್ಗಿ ನೋಡಿದರೆ, ಗೆದ್ದವನೇ ನೆಲದ ಮೇಲೆ ಮುಖ ಇಟ್ಟು ಅಳುತ್ತಿದ್ದಾನೆ. ರಷ್ಯಾದ ಡಾಗೆಸ್ತಾನದ ಖಬೀಬ್ ನುರ್ಮಗೊಮೆಡೊವ್. ಅವನಿಗೆ ಕುಸ್ತಿ ಕಲಿಸಿದ ಅಪ್ಪ ಅದೇ ಜುಲೈನಲ್ಲಿ ಕೊರೊನಾದಿಂದ ತೀರಿಕೊಂಡಿದ್ದರಂತೆ. ಅಬುಧಾಬಿಯಲ್ಲಿ ಜಸ್ಟಿನ್ ಗೇಥ್ಜಿಯನ್ನು ಸೋಲಿಸಿ, ಗ್ಲೌಸ್ ಬಿಚ್ಚಿಟ್ಟು, ಅಪ್ಪ ಇಲ್ಲದೆ ಇನ್ನು ಆಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಅಂದ. 29 ಪಂದ್ಯ, 29 ಗೆಲುವು, ಸೋಲೇ ಇಲ್ಲ. ಕೋಟಿಗಟ್ಟಲೆ ದುಡ್ಡು ಕಾಯುತ್ತಿದೆ, ಹುಡುಗ ಎದ್ದು ಮನೆಗೆ ಹೋಗುತ್ತಿದ್ದಾನೆ! ನನ್ನ ಕೈಯಲ್ಲಿದ್ದ ಎಣ್ಣೆ ಡಬ್ಬಿ ಹಾಗೇ ಇತ್ತು.

ನನಗೆ ಇದು ಪೂರ್ತಿ ಹೊಸದೂ ಅಲ್ಲ. ನಮ್ಮಪ್ಪ ಗರಡಿಗೆ ಹೋಗುತ್ತಿದ್ದವರು. ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ, ನಾನು ಬಾಗಿಲ ಹೊರಗೆ ನಿಂತು ಕೆಂಪುಮಣ್ಣಿನ ವಾಸನೆ ಕುಡಿಯುತ್ತಿದ್ದೆ. ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ಅದನ್ನ ಇಡೀ ಊರು ಭಕ್ತಿಯಿಂದ ನೋಡುತ್ತದೆ. ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಅಲ್ಲಿಗೇ ನಿಲ್ಲಿಸುತ್ತಾರೆ, ಮುಂದಕ್ಕೆ ಒಂದು ಏಟೂ ಇಲ್ಲ. ಪತ್ರ ಬರೆದ ಹಿರಿಯರು ಮೈಸೂರಿನವರೇ ಆಗಿದ್ದರೆ ಅದನ್ನು ನೋಡದೆ ಇರುತ್ತಾರಾ?

ಈಗ ಟ್ಯಾಪ್ ವಿಷಯ. ಎದುರಾಳಿ ಕೈಯನ್ನೋ ಕುತ್ತಿಗೆಯನ್ನೋ ಸಿಕ್ಕಿಸಿ ಬಿಗಿದಾಗ, ಬಿಡಿಸಿಕೊಳ್ಳೋಕೆ ಆಗಲ್ಲ ಅನ್ನಿಸಿದರೆ ಅವನ ಮೈಮೇಲೋ ನೆಲದ ಮೇಲೋ ಎರಡು-ಮೂರು ಸಲ ತಟ್ಟಬೇಕು. ಅಷ್ಟೆ. ರೆಫರಿ ಬಂದು ಬಿಡಿಸುತ್ತಾನೆ, ಪಂದ್ಯ ಮುಗೀತು. ಕೆನಡಾದ ಜಾರ್ಜ್ ಸೇಂಟ್ ಪಿಯರ್ 2004ರಲ್ಲಿ ಮ್ಯಾಟ್ ಹ್ಯೂಸ್ ಎದುರು ಮೊದಲ ಸಲ ಪಟ್ಟಕ್ಕೆ ಆಡಿದಾಗ ಹೀಗೇ ತಟ್ಟಿದ. ಆ ರೌಂಡ್ ಮುಗಿಯಲು ಉಳಿದಿದ್ದು ಒಂದು ಸೆಕೆಂಡ್! ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಜನ ನಕ್ಕಿರಬಹುದು. ಆದರೆ ಕೈ ಉಳಿಯಿತು, ಅದೇ ಕೈಯಿಂದ 2006ರಲ್ಲಿ ಅದೇ ಹ್ಯೂಸ್‌ನನ್ನು ಸೋಲಿಸಿ ಚಾಂಪಿಯನ್ ಆದ. ಇನ್ನೊಂದು ಕಡೆ ಬ್ರೆಜಿಲ್‌ನ ನೊಗೇರಾ, ದೊಡ್ಡ ಹೆಸರು, 2011ರಲ್ಲಿ ಫ್ರಾಂಕ್ ಮಿರ್ ಕೈ ತಿರುಚಿ ಹಿಡಿದಾಗ ತಟ್ಟಲು ತಡ ಮಾಡಿದ. ತೋಳಿನ ಮೂಳೆಯೇ ಮುರಿಯಿತು. ಆ ವಿಡಿಯೊ ನಾನು ಒಂದೇ ಸಲ ನೋಡಿದ್ದು, ಇನ್ನೊಮ್ಮೆ ನೋಡಲ್ಲ.

ನಾನೂ ನೊಗೇರಾ ಜಾತಿಯವಳೇ ಆಗಿದ್ದೆ. ಶ್ರಾವಣ ಶುರುವಾದರೆ ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ, ದೀಪಾವಳಿ, ಅದು ಮುಗಿದರೆ ಮದುವೆ ಸೀಸನ್. "ಅಕ್ಕಾ, ಒಂದೇ ಒಂದು ಬ್ಲೌಸ್, ನಾಡಿದ್ದು ಗೃಹಪ್ರವೇಶ" ಅಂತ ಬಂದರೆ ನನ್ನ ಬಾಯಿಂದ ಆಗಲ್ಲ ಅನ್ನೋ ಮಾತೇ ಬರುತ್ತಿರಲಿಲ್ಲ. ರಾತ್ರಿ ಒಂದರವರೆಗೂ ಮಿಷನ್, ಬೆಳಿಗ್ಗೆ ಐದಕ್ಕೆ ಮತ್ತೆ, ನಡುವೆ ಮನೆಯವರ ಮೇಲೆಲ್ಲ ರೇಗಾಟ. 2022ರ ಗೌರಿ ಹಬ್ಬದ ಹೊತ್ತಿಗೆ ಬಲಗೈ ಎತ್ತಿ ಜಡೆ ಹಾಕಿಕೊಳ್ಳೋಕೂ ಆಗದಂತೆ ಭುಜ ಹಿಡಿದುಕೊಂಡಿತು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ಅಷ್ಟೊತ್ತಿಗೆ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದ ಮಗ ಫೋನ್ ಮಾಡಿ, "ಅಮ್ಮ, ನೀನು ನೊಗೇರಾ ಕಣಮ್ಮ. ಟ್ಯಾಪ್ ಮಾಡೋದು ಕಲಿ" ಅಂದ.

ಈಗ ಮಾಡುತ್ತೇನೆ. ವಾರಕ್ಕೆ ಇಷ್ಟೇ ಬ್ಲೌಸ್ ಅಂತ ಗೋಡೆ ಮೇಲೆ ಬರೆದಿದ್ದೇನೆ. ಅದಕ್ಕಿಂತ ಜಾಸ್ತಿ ಬಂದರೆ ಕಟಿಂಗ್ ಟೇಬಲ್ ಮೇಲೆ ಎರಡು ಸಲ ತಟ್ಟಿ, "ಈ ವಾರ ಆಗಲ್ಲಮ್ಮ, ಅರ್ಜೆಂಟ್ ಇದ್ದರೆ ಬೇರೆ ಕಡೆ ಕೊಡಿ" ಅನ್ನುತ್ತೇನೆ. ಯಾಕೆ ತಟ್ಟುತ್ತೇನೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮತ್ತೆ ಮಾತ್ರ, ಇವಳಿಗೆ ಹೊಸ ಅಭ್ಯಾಸ ಬಂದಿದೆ, ಏನಾದರೂ ಶಾಸ್ತ್ರ ಕೇಳಿಸಬೇಕೇನೋ ಅಂತ ಯೋಚನೆಗೆ ಬಿದ್ದಿದ್ದರು. ಇಬ್ಬರು ಗಿರಾಕಿಗಳು ಮುನಿಸಿಕೊಂಡು ಹೋದರು, ನಿಜ. ಮಿಕ್ಕವರು ಒಂದು ವಾರ ಬಿಟ್ಟು ಬಂದರು.

ಹಾಗಂತ ಎಲ್ಲದಕ್ಕೂ ತಟ್ಟಿ ಎದ್ದು ಹೋಗೋದಾ? ಈ ಪ್ರಶ್ನೆ ನನಗೂ ಬಂತು. ಅದೇ ಆಗಸ್ಟ್‌ನಲ್ಲಿ, ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು, ಲಿಯಾನ್ ಎಡ್ವರ್ಡ್ಸ್ ಪಂದ್ಯ ನೋಡಿದ್ದೆ. ಚಾಂಪಿಯನ್ ಕಮಾರು ಉಸ್ಮಾನ್ ಎದುರು ಅಂಕದಲ್ಲಿ ಹಿಂದೆ ಬಿದ್ದಿದ್ದಾನೆ, ಮುಖದಲ್ಲಿ ಕಳೆ ಇಲ್ಲ. ಬಿಡುವಿನಲ್ಲಿ ಕೋಚ್ ಬಂದು, ನಿನ್ನ ಮೇಲೆ ನೀನೇ ಮರುಕ ಪಡೋದು ನಿಲ್ಲಿಸು ಅಂತ ಸರಿಯಾಗಿ ಬೈದ. ಕೊನೆಯ ಐದನೇ ರೌಂಡಿನಲ್ಲಿ ಒಂದು ನಿಮಿಷಕ್ಕೂ ಕಮ್ಮಿ ಉಳಿದಾಗ ಎಡಗಾಲಿನ ಒಂದು ಒದೆ ತಲೆಗೆ ಬಿತ್ತು, ಉಸ್ಮಾನ್ ಮಲಗಿದ. ಮಗನನ್ನು ಕೇಳಿದೆ, ಹಾಗಾದರೆ ಯಾವಾಗ ತಟ್ಟಬೇಕು, ಯಾವಾಗ ನಿಲ್ಲಬೇಕು ಅಂತ. "ಕೈ ಮುರಿಯೋ ಹಾಗಿದ್ದರೆ ತಟ್ಟು, ಬರೀ ಬೇಜಾರಾಗಿದ್ದರೆ ನಿಲ್ಲು" ಅಂದ. 22ರ ಹುಡುಗನಿಗೆ ಇದು ಹೇಗೆ ಗೊತ್ತು ಅಂತ ಕೇಳಲಿಲ್ಲ.

ಇನ್ನು ಗೇಮು. 2021ರ ಜುಲೈನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅನ್ನೋ ಮೊಬೈಲ್ ಗೇಮ್ ಬಂದಾಗ ಮಗನೇ ನನ್ನ ಫೋನಿಗೆ ಹಾಕಿಕೊಟ್ಟ. 100 ಜನ ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಒಂದೇ ತಂಡ ಉಳಿಯುವ ಆಟ. ನನಗೆ ಗುರಿ ಇಡೋಕೆ ಈಗಲೂ ಬರಲ್ಲ, ಬ್ಯಾಗ್ ತುಂಬಾ ಬ್ಯಾಂಡೇಜ್ ತುಂಬಿಕೊಂಡು ಹಿಂದೆ ಹಿಂದೆ ಓಡುತ್ತೇನೆ. ಅದರಲ್ಲಿ ಏಟು ಬಿದ್ದ ಕೂಡಲೇ ಸಾಯಲ್ಲ, ನಾಕ್ ಆಗುತ್ತೀರಿ. ಮಂಡಿಯೂರಿ ತೆವಳುತ್ತಿರುತ್ತೀರಿ, ಜೀವದ ಗೆರೆ ಕರಗುತ್ತಿರುತ್ತದೆ. ಅಷ್ಟರಲ್ಲಿ ನಿಮ್ಮ ತಂಡದವರೊಬ್ಬರು ಬಂದು ಹತ್ತು ಸೆಕೆಂಡ್ ಪಕ್ಕದಲ್ಲಿ ಕೂತರೆ ಮತ್ತೆ ಏಳಬಹುದು. ನಾನು ನಾಕ್ ಆದಾಗ ಸುಮ್ನೆ ಪೊದೆ ಹಿಂದೆ ತೆವಳಿ ಹೋಗಿ ಕೂರುತ್ತಿದ್ದೆ. ಮಗುವಿಗೆ ಯಾಕೆ ತೊಂದರೆ ಕೊಡೋದು, ಅವನಾದರೂ ಆಡಲಿ ಅಂತ. ಒಂದಿನ ಅವನಿಗೆ ಸಿಟ್ಟು ಬಂತು. "ಅಮ್ಮ, ಬಾಯಿಬಿಟ್ಟು ಹೇಳಬೇಕು! ಈ ಗಲಾಟೆಯಲ್ಲಿ ನಾನು ನೋಡಿಕೊಂಡಿರಲ್ಲ. ನಾಕ್ ಅಂತ ಒಂದು ಮಾತು ಹೇಳಿದರೆ ಬರ್ತೀನಲ್ವಾ?"

ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಮದುವೆಯಾಗಿ ಅಷ್ಟು ವರ್ಷ ನಾನು ಮನೆಯಲ್ಲಿ ಮಾಡುತ್ತಿದ್ದಿದ್ದೂ ಅದನ್ನೇ. ಜ್ವರ ಬಂದರೆ ಪೊದೆ ಹಿಂದೆ, ಬೇಜಾರಾದರೆ ಪೊದೆ ಹಿಂದೆ, ಆಮೇಲೆ ಯಾರೂ ನೋಡಲಿಲ್ಲ ಅಂತ ಒಳಗೊಳಗೇ ಕೊರಗು. ಮರುದಿನ ಸಂಜೆ ನಮ್ಮ ಯಜಮಾನರಿಗೆ, "ರೀ, ನಾನು ನಾಕ್" ಅಂದೆ. ಅವರು ಎದ್ದು ಹೋಗಿ ಬಾಗಿಲು ತೆಗೆದು ಯಾರು ಬಂದಿದ್ದಾರೆ ಅಂತ ನೋಡಿ ಬಂದರು! ಈಗ ಅರ್ಥವಾಗಿದೆ. ಹಾಗಂದ ದಿನ ಅನ್ನ, ತಿಳಿಸಾರು ಅವರದೇ. ಉಪ್ಪು ಸ್ವಲ್ಪ ಮುಂದಿರುತ್ತದೆ, ನಾನು ಏನೂ ಹೇಳಲ್ಲ.

2022ರ ಜುಲೈ ಕೊನೆಯಲ್ಲಿ ಸರ್ಕಾರ ಆ ಆಟವನ್ನು ನಿಲ್ಲಿಸಿತು, ವಾಪಸ್ ಬಂದಿದ್ದು 2023ರ ಮೇನಲ್ಲಿ. ಮಗ ಪುಣೆಗೆ ಹೋದ ಹೊಸದು. ಆ 10 ತಿಂಗಳು ನಮ್ಮ ಮಾತು, "ಊಟ ಆಯ್ತಾ?" "ಆಯ್ತಮ್ಮ." "ಮತ್ತೇನು?" "ಏನಿಲ್ಲಮ್ಮ." ಇಷ್ಟೇ. ಆಟ ವಾಪಸ್ ಬಂದ ಮೇಲೆ, ಒಂದು ಮನೆಯೊಳಗೆ ಅಡಗಿ ಕೂತು ಶತ್ರು ಬರೋದನ್ನ ಕಾಯುವಾಗ, ಅವನಿಗೆ ಆಫೀಸಿನಲ್ಲಿ ಕಷ್ಟ ಆಗುತ್ತಿರೋದು, ರೂಮ್‌ಮೇಟ್ ಜೊತೆ ಜಗಳ ಆಗಿರೋದು, ಎಲ್ಲ ತಾನಾಗೇ ಹೇಳಿದ. ಎದುರು ಕೂರಿಸಿಕೊಂಡು ಕೇಳಿದ್ದರೆ ಹೇಳುತ್ತಿರಲಿಲ್ಲ. ಗಂಡುಮಕ್ಕಳು ಹಾಗೇ, ಕೈಗೆ ಏನಾದರೂ ಕೆಲಸ ಕೊಟ್ಟರೆ ಬಾಯಿ ಬಿಡುತ್ತಾರೆ.

ಹಿರಿಯರು ಹೇಳಿದ್ದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸೋತಾಗ ಇನ್ನೊಂದೇ ಮ್ಯಾಚ್, ಇನ್ನೊಂದೇ ಮ್ಯಾಚ್ ಅಂತ ರಾತ್ರಿ ಎರಡರವರೆಗೆ ಆಡಿ, ಮರುದಿನ ನಿದ್ದೆಗಣ್ಣಲ್ಲಿ ಗಿರಾಕಿಯೊಬ್ಬರ ರೇಷ್ಮೆ ಬ್ಲೌಸ್ ಪೀಸಿಗೆ ಬೆನ್ನಿನ ಕತ್ತನ್ನು ಮುಂದಕ್ಕೆ ಕತ್ತರಿಸಿಟ್ಟವಳು ನಾನೇ. ಅಂಥದ್ದೇ ಬಟ್ಟೆ ಹುಡುಕಿ ಅಂಗಡಿ ಅಂಗಡಿ ಅಲೆದೆ. ಆವತ್ತಿಂದ ಎರಡು ಸೋತರೆ ಫೋನ್ ಚಾರ್ಜಿಗೆ, ನಾನು ಹಾಸಿಗೆಗೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಜಾರಿಯಲ್ಲಿದೆ. ಆದರೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ, ಓದು, ಕೆಲಸ, ಮನೆ ಎಲ್ಲ ಹಾಳಾದರೂ ನಿಲ್ಲಿಸೋಕೆ ಆಗದೇ ಇದ್ದರೆ ಅದನ್ನ ಕಾಯಿಲೆ ಅನ್ನುತ್ತಾರೆ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತಲೇ ಇದೆ. ಮಗನ ಫೋನ್ ಒಡೆದು ಹಾಕುವ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಮತ್ತೆ, ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗನ್ನು ನಮ್ಮ ಆಟದ ಜೊತೆ ಸೇರಿಸಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದು ಅವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳು, ಬೇರೆ ಅಂತ ಅದರಲ್ಲೇ ಬರೆದಿದೆ.

ಫೈಟಿಂಗಿನಲ್ಲೂ ನನಗೆ ಹಿಡಿಸದ್ದು ಬೇಕಾದಷ್ಟಿದೆ. ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಒಬ್ಬರಿಗೊಬ್ಬರು ಅಪ್ಪ-ಅಮ್ಮ ಅಂತ ಬಯ್ಯೋದು, ಆಗ ಸೌಂಡ್ ಆಫ್. ತೂಕ ಇಳಿಸೋಕೆ ನೀರು ಬಿಟ್ಟು ಒಣಗೋದು ಇನ್ನೂ ಕೆಟ್ಟದ್ದು. 2015ರಲ್ಲಿ ಚೀನಾದ ಹುಡುಗ ಯಾಂಗ್ ಜಿಯಾನ್ ಬಿಂಗ್ ಹೀಗೇ ತೂಕ ಇಳಿಸುವಾಗ ಸತ್ತ, ಆಮೇಲೆ ಆ ಪಂದ್ಯ ನಡೆಸುವ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನವರು ಆ ಪದ್ಧತಿ ನಿಲ್ಲಿಸಿದರು. ಬೇರೆಯವರು ಇನ್ನೂ ನಿಲ್ಲಿಸಿಲ್ಲ. ತಲೆಗೆ ಬೀಳುವ ಏಟಿನ ಲೆಕ್ಕ ಮುಂದೆ ಯಾವತ್ತೋ ಕೊಡಬೇಕಾಗುತ್ತದೆ ಅನ್ನೋದೂ ಗೊತ್ತು. ನನ್ನ ಮಗ ಆ ಪಂಜರಕ್ಕೆ ಇಳಿಯುತ್ತೇನೆ ಅಂದಿದ್ದರೆ ನಾನು ಬಿಡುತ್ತಿರಲಿಲ್ಲ. ಇದು ಸ್ವಲ್ಪ ಮೋಸ, ಅಲ್ವಾ? ಬೇರೆಯವರ ಮಕ್ಕಳು ಹೊಡೆಸಿಕೊಳ್ಳೋದನ್ನ ದೋಸೆ ತಿನ್ನುತ್ತಾ ನೋಡೋದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿಮ್ಮಲ್ಲೂ ಒಂದು ತಕರಾರಿದೆ, ಸಂಪಾದಕರೇ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಪೂಜಾ ತೋಮರ್ 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದಳು. ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು. ಮರುದಿನ ನಿಮ್ಮ ಕ್ರೀಡಾ ಪುಟ ತಿರುವಿ ಹಾಕಿದರೂ ನನಗೆ ಆ ಸುದ್ದಿ ಕಾಣಲಿಲ್ಲ. 2025ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಶೌನಾ ಬ್ಯಾನನ್ ಅವಳ ಕೈ ಸಿಕ್ಕಿಸಿ ಎಳೆದಾಗ ಪೂಜಾ ತಟ್ಟಿದಳು, ಸೋತಳು. ನಾನು ಮನೆಯಲ್ಲಿ ಕೂತು, ಒಳ್ಳೇದು ಮಾಡಿದೆ ಕಣಮ್ಮ, ಕೈ ಇರಲಿ ಅಂದೆ. ಅದೂ ನಿಮ್ಮಲ್ಲಿ ಕಾಣಲಿಲ್ಲ. ಕ್ರಿಕೆಟ್ ಆಟಗಾರರು ಎಲ್ಲಿ ಊಟ ಮಾಡಿದರು ಅನ್ನೋದಕ್ಕೆ ಜಾಗ ಇರುವಾಗ, ಇದಕ್ಕೆ ನಾಲ್ಕು ಸಾಲು ಕೊಡಬಹುದಿತ್ತು.

ಆ ಹಿರಿಯರಿಗೂ ಈ ಪತ್ರ ತಲುಪುತ್ತೆ ಅಂದುಕೊಂಡಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ನಮ್ಮನೆಗೆ ಬನ್ನಿ ಸರ್. ದೋಸೆ ಇರುತ್ತದೆ, ಈರುಳ್ಳಿ ಪಲ್ಯ ಇರುತ್ತದೆ. ಬಯ್ಯೋದಿದ್ದರೆ ಬಯ್ಯಿರಿ, ಆದರೆ ರೌಂಡ್ ನಡೆಯುವಾಗ ಬೇಡ, ನಡುವೆ ಒಂದು ನಿಮಿಷ ಬಿಡುವು ಸಿಗುತ್ತದೆ.

ಇತಿ,
ಒಬ್ಬ ಹೊಲಿಗೆಯವಳು, ಮೈಸೂರು
(ಹೆಸರು ಹಾಕಬೇಡಿ, ನಮ್ಮತ್ತೆ ದಿನಾ ನಿಮ್ಮ ಪತ್ರಿಕೆ ಓದುತ್ತಾರೆ.)