ಕೋಟೆಯ ಬಂಡೆಯ ಒಂದು ಫೋಟೋ ಬೇಕು

ನ್ಯೂಷಾಟೆಲ್, ಸ್ವಿಟ್ಜರ್ಲೆಂಡ್
12 ಅಕ್ಟೋಬರ್ 2025

ಪ್ರೀತಿಯ ಅಪ್ಪಾಜಿಗೆ,

ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ತಲುಪಿತು. ನಾನು ಆರಾಮಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ.

ಮೊನ್ನೆ ವಿದ್ಯಾರ್ಥಿಗಳನ್ನು ಊರಾಚೆಯ ಕಾಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಭಾರಿ ಗ್ರಾನೈಟ್ ಬಂಡೆ ಇದೆ. ಪಿಯೆರ್ ಆ ಬೋ ಅಂತ ಹೆಸರು. ಸುತ್ತಲಿನ ಬೆಟ್ಟವೆಲ್ಲ ಸುಣ್ಣಕಲ್ಲು. ಇದು ಮಾತ್ರ ನೂರು ಕಿಲೋಮೀಟರಿಗೂ ಆಚೆ, ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಕಡೆಯಿಂದ ಹಿಮನದಿ ಹೊತ್ತು ತಂದದ್ದು. ಹಿಮ ಕರಗಿತು, ಕಲ್ಲು ಉಳಿಯಿತು. ಒಂದು ಕಾಲಕ್ಕೆ ಇಲ್ಲೆಲ್ಲ ಹಿಮ ಹಾಸಿತ್ತು ಅಂತ ವಿಜ್ಞಾನಿ ಲೂಯಿ ಅಗಾಸಿ 1837ರಲ್ಲಿ ಇದೇ ಊರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲವಂತೆ.

ನನ್ನ ಮೊಬೈಲಿನಲ್ಲಿದ್ದ ನಮ್ಮ ಚಿತ್ರದುರ್ಗದ ಕೋಟೆಯ ಚಿತ್ರ ನೋಡಿ ಒಬ್ಬ ಹುಡುಗ ಕೇಳಿದ: 'ಈ ಬಂಡೆಗಳನ್ನು ಯಾವ ಹಿಮನದಿ ತಂದಿತು?' ಯಾವುದೂ ತರಲಿಲ್ಲ, ಅಲ್ಲೇ ಹುಟ್ಟಿ ಅಲ್ಲೇ ಇರುವ ಕಲ್ಲು ಎಂದೆ. ಭೂಮಿಯ ಒಳಗೆ ಗಟ್ಟಿಯಾದ, 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಅದು. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟವು. ಬಿರುಕಿಗೆ ನೀರಿಳಿಯಿತು. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ ಅಲ್ವಾ, ಅದಕ್ಕೇ ಮೂಲೆಗಳು ಮೊದಲು ಸವೆದು ಗರಸು ಮಣ್ಣಾದವು. ಮಳೆಗೆ ಆ ಮಣ್ಣು ಕೊಚ್ಚಿಹೋಯಿತು, ಒಳಗಿನ ಗುಂಡುಗಳು ಒಂದರ ಮೇಲೊಂದು ಕೂತವು. ಚಿಕ್ಕಂದಿನಲ್ಲಿ ನಾವು ಹತ್ತಿ ಜಾರುತ್ತಿದ್ದದ್ದು ಆ ಗುಂಡುಗಳ ಮೇಲೆಯೇ.

ಇಲ್ಲಿಯ ಬೆಟ್ಟಗಳಿಗೆ ಆ ನಿಧಾನ ಇಲ್ಲ. ಮೇ 28ರಂದು ಬ್ಲಾಟನ್ ಅನ್ನುವ ಹಳ್ಳಿ ಹೂತುಹೋಯಿತು. ಮೇಲಿನ ಶಿಖರದಿಂದ ಕಲ್ಲು ಉದುರಿ ಉದುರಿ ಹಿಮನದಿಯ ಮೇಲೆ ಭಾರ ಹೇರಿತ್ತು. ಕೊನೆಗೆ ಅದೂ ಕುಸಿಯಿತು. ಆದರೆ ಬೆಟ್ಟ ಅಲುಗುತ್ತಿರುವುದನ್ನು ಅಳೆದು ನೋಡಿ, ಸುಮಾರು 300 ಜನರನ್ನು ದಿನಗಳ ಮುಂಚೆಯೇ ಹೊರಗೆ ಕಳಿಸಿದ್ದರು. 'ಬೆಟ್ಟ ಅಳೆದು ಏನು ಮಾಡ್ತೀಯ' ಅಂತ ಚಿಕ್ಕಪ್ಪ ಕೇಳಿದ್ದರಲ್ಲ, ಅವರಿಗೆ ಇದನ್ನು ಓದಿ ಹೇಳಿ.

ಈಗ ಒಂದು ಕೆಲಸ. ಒನಕೆ ಓಬವ್ವನ ಕಿಂಡಿಯ ಹತ್ತಿರ, ಬಿರುಕು ಚೆನ್ನಾಗಿ ಕಾಣುವ ಬಂಡೆ ನೋಡಿ ಫೋಟೋ ತೆಗೆಸಿ ಕಳಿಸಿ. ಬೆಳಿಗ್ಗೆಯೇ ಹೋಗಿ, ಓರೆ ಬಿಸಿಲಿಗೆ ಬಿರುಕು ಎದ್ದು ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ನೀವೇ ನಿಂತುಕೊಳ್ಳಿ. ಮಂಡಿನೋವು ಇದ್ದರೆ ಜಾಸ್ತಿ ಮೆಟ್ಟಿಲು ಹತ್ತಬೇಡಿ, ಕೆಳಗಿನ ಬಂಡೆಯಾದರೂ ಸಾಕು.

ನಿಮ್ಮ ಮಗಳು